ಆರು ವಾರದ ಬೇಸಿಗೆ ಅವಧಿಯಲ್ಲಿ ಮೂರು ಕೋರ್ಸ್ ತೆಗೆದುಕೊಳ್ಳಬಹುದೇ?

ದಾವಣಗೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಪಿಯುಸಿ ಮುಗಿಸಿ, ಈಗ ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಮೊದಲ ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದಾದ ಕಾಲೇಜು) ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಓದುತ್ತಿದ್ದೇನೆ. ಈ ಸ್ಪ್ರಿಂಗ್ (ವರ್ಷದ ಮೊದಲರ್ಧದ ಸೆಮಿಸ್ಟರ್) ಮುಗಿಯುವಾಗ ನನ್ನ ಮೊದಲ ವರ್ಷ ಪೂರ್ಣವಾಗಿ 28 ಯೂನಿಟ್‌ಗಳಾಗುತ್ತವೆ. ಬರುವ ನವೆಂಬರ್‌ನಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳಿಗೆ ವರ್ಗಾವಣೆಯ ಅರ್ಜಿ ಹಾಕಿ, ಅದರ ಮುಂದಿನ ವರ್ಷದ ಫಾಲ್‌ಗೆ (ಬೇಸಿಗೆಯ ನಂತರ ಶುರುವಾಗುವ ಅವಧಿ) ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಸೇರಬೇಕೆಂಬುದು ನನ್ನ ಯೋಜನೆ. ಈ ಬೇಸಿಗೆಯಲ್ಲಿ ಆರು ವಾರಗಳ ಅವಧಿಯೊಂದಿದ್ದು, ಅದರಲ್ಲಿ ಕ್ಯಾಲ್ಕುಲಸ್ 2 (4 ಯೂನಿಟ್), ಲ್ಯಾಬ್ ಸಮೇತ ಮೆಕ್ಯಾನಿಕ್ಸ್ ಭೌತಶಾಸ್ತ್ರ (4 ಯೂನಿಟ್) ಮತ್ತು ಇಂಗ್ಲಿಷ್ ಕಾಂಪೊಸಿಷನ್ (3 ಯೂನಿಟ್), ಈ ಮೂರನ್ನೂ ಒಟ್ಟಿಗೆ ಮುಗಿಸಿಬಿಟ್ಟರೆ ಖರ್ಚೂ ಕಾಲವೂ ಉಳಿಯುತ್ತವೆ ಎಂದುಕೊಂಡಿದ್ದೇನೆ. ಇದರ ಜೊತೆಗೆ ಕ್ಯಾಂಪಸ್ ಗ್ರಂಥಾಲಯದಲ್ಲಿ ವಾರಕ್ಕೆ ಹದಿನೈದು ಗಂಟೆಯ ಕೆಲಸವೂ ಇದೆ. ಹೀಗೆ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಸಲಹೆ ಕೊಡಿ.

ಗಣಿತದ ಮೇಷ್ಟ್ರು

ತಂಗಿ, ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಕ್ಯಾಲ್ಕುಲಸ್ ಪಾಠ ಮಾಡುತ್ತೇನೆ. ಬೇಸಿಗೆಯ ತರಗತಿಗಳನ್ನೂ ತೆಗೆದುಕೊಂಡಿದ್ದೇನೆ. ಯೂನಿಟ್‌ಗಳ ಲೆಕ್ಕವನ್ನು ಸ್ವಲ್ಪ ಬದಿಗಿಟ್ಟು ಗಂಟೆಗಳ ಲೆಕ್ಕ ನೋಡೋಣ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ನಿಯಮದ ಪ್ರಕಾರ ಒಂದು ಸೆಮಿಸ್ಟರ್ ಯೂನಿಟ್ ಎಂದರೆ ತರಗತಿ, ಲ್ಯಾಬ್ ಮತ್ತು ಮನೆಯಲ್ಲಿ ಓದುವುದು ಎಲ್ಲವೂ ಸೇರಿ ಕನಿಷ್ಠ 48 ಗಂಟೆಗಳ ದುಡಿಮೆ. ಅವಧಿ ಹದಿನಾರು ವಾರದ್ದಿರಲಿ, ಆರು ವಾರದ್ದಿರಲಿ, ಈ 48 ಗಂಟೆಗಳು ಕಡಿಮೆಯಾಗುವುದಿಲ್ಲ. ಅಂದಮೇಲೆ ನಿಮ್ಮ ಕ್ಯಾಲ್ಕುಲಸ್‌ಗೆ 192 ಗಂಟೆ, ಭೌತಶಾಸ್ತ್ರಕ್ಕೆ 192 ಗಂಟೆ, ಇಂಗ್ಲಿಷ್‌ಗೆ 144 ಗಂಟೆ. ಆರು ವಾರಗಳಿಗೆ ಭಾಗಿಸಿದರೆ ವಾರಕ್ಕೆ ಕ್ರಮವಾಗಿ 32, 32 ಮತ್ತು 24, ಒಟ್ಟು 88 ಗಂಟೆ. ಅದರ ಮೇಲೆ ನಿಮ್ಮ ಹದಿನೈದು ಗಂಟೆಯ ಕೆಲಸ. ವಾರದ ಏಳೂ ದಿನ, ಒಂದೂ ರಜೆಯಿಲ್ಲದೆ, ದಿನಕ್ಕೆ ಹದಿನಾಲ್ಕು ಗಂಟೆಗಿಂತ ಹೆಚ್ಚು ದುಡಿದರೆ ಮಾತ್ರ ಈ ಲೆಕ್ಕ ಮುಟ್ಟುತ್ತದೆ.

ಜಾಣ ವಿದ್ಯಾರ್ಥಿಗೆ ಅಷ್ಟು ಗಂಟೆ ಬೇಕಾಗುವುದಿಲ್ಲ ಎಂದು ನೀವು ಹೇಳಬಹುದು, ಅದು ನಿಜವೂ ಹೌದು. ಆದರೆ ಕಾಲುಭಾಗ ಕಡಿಮೆ ಮಾಡಿದರೂ ಓದಿಗೇ 66 ಗಂಟೆ ಉಳಿಯುತ್ತದೆ. ಇದಲ್ಲದೆ, ಬೇಸಿಗೆಯಲ್ಲಿ ಹಲವು ಕಾಲೇಜುಗಳು 9 ಯೂನಿಟ್ ಆಸುಪಾಸಿನಲ್ಲಿ ಮಿತಿ ಇಟ್ಟಿರುತ್ತವೆ. ಅದನ್ನು ಮೀರಲು ಸಲಹೆಗಾರರ ಸಹಿ ಬೇಕಾಗುತ್ತದೆ. ನಿಮ್ಮದು 11 ಆಗುವುದರಿಂದ ಮೊದಲು ನಿಮ್ಮ ಕಾಲೇಜಿನ ಮಿತಿ ಎಷ್ಟೆಂದು ನೋಡಿಕೊಳ್ಳಿ.

ಮೂರೂ ಮುಗಿಸಿದವನು

ಮೇಷ್ಟ್ರು ಸುಮ್ಮನೆ ಹೆದರಿಸುತ್ತಿದ್ದಾರೆ ಎನ್ನಿಸುತ್ತದೆ. ನಾನು ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಮೂರು ಕೋರ್ಸ್ ತೆಗೆದುಕೊಂಡು ಮೂರರಲ್ಲೂ ಎ ಪಡೆದಿದ್ದೇನೆ. ಬೇಸಿಗೆಯಲ್ಲಿ ಕ್ಲಬ್ಬು, ಹಬ್ಬ, ಸ್ನೇಹಿತರ ಗಲಾಟೆ ಯಾವುದೂ ಇರುವುದಿಲ್ಲವಾದ್ದರಿಂದ ಮನಸ್ಸು ಒಂದೇ ಕಡೆ ನಿಲ್ಲುತ್ತದೆ. ದಿನವೂ ಅದೇ ವಿಷಯ ಕಿವಿಗೆ ಬೀಳುವುದರಿಂದ ಹಿಂದಿನ ಪಾಠ ಮರೆಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಫಾಲ್‌ನಲ್ಲಿ ಐದು ವಿಷಯಗಳ ನಡುವೆ ಮನಸ್ಸು ಹರಿದು ಹಂಚಿಹೋಗುವುದಕ್ಕಿಂತ ಅದು ನನಗೆ ಸುಲಭವೆನಿಸಿತು. ಇಲ್ಲಿ ಪ್ರತಿ ಪ್ರಶ್ನೆಗೂ ಎಲ್ಲರೂ ಬೇಡ ಎನ್ನುವುದನ್ನೇ ಅಭ್ಯಾಸ ಮಾಡಿಕೊಂಡಿದ್ದಾರೆ.

ಗಣಿತದ ಮೇಷ್ಟ್ರು

ದಿನವೂ ತರಗತಿ ಇರುವುದರ ಲಾಭದ ಬಗ್ಗೆ ನೀವು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಒಂದೇ ವಿಷಯ ಓದುವ ವಿದ್ಯಾರ್ಥಿಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಮೂರು ವಿಷಯ ತೆಗೆದುಕೊಂಡವರ ಮನಸ್ಸು ಒಂದೇ ಕಡೆ ನಿಲ್ಲುವುದು ಹೇಗೆ? ನೀವು ಯಾವ ಮೂರನ್ನು ತೆಗೆದುಕೊಂಡಿದ್ದಿರಿ ಎಂದು ತಿಳಿಸಿದರೆ ತಂಗಿಗೂ ಅನುಕೂಲವಾಗುತ್ತದೆ.

ಮೂರೂ ಮುಗಿಸಿದವನು

ಮನಶ್ಶಾಸ್ತ್ರದ ಪ್ರವೇಶ ಕೋರ್ಸ್, ಸಂಗೀತದ ಇತಿಹಾಸ ಮತ್ತು ಅಂಕಿಅಂಶಶಾಸ್ತ್ರ. ಮೊದಲೆರಡು ಆನ್‌ಲೈನ್ ಆಗಿದ್ದವು. ಲ್ಯಾಬ್ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಇನ್ನೊಂದು ವಿಷಯವೆಂದರೆ, ಆ ಮೂರರಲ್ಲಿ ಒಂದು ನಾಲ್ಕನೇ ವಾರದ ನಂತರ ಶುರುವಾಗುವ ಎರಡನೇ ಅವಧಿಯಲ್ಲಿತ್ತು.

ಲ್ಯಾಬ್ ಕೋಟು

ಲ್ಯಾಬ್‌ನ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಬೇಸಿಗೆಯಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿದವಳು. ಲ್ಯಾಬ್ ಇರುವ ಕೋರ್ಸಿನಲ್ಲಿ ಗಂಟೆಗಳನ್ನು ನಮ್ಮ ಇಷ್ಟದಂತೆ ಹಿಂದೆಮುಂದೆ ಮಾಡಿಕೊಳ್ಳಲು ಸಾಧ್ಯವೇ ಇಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಮೂರು ಗಂಟೆಯ ಲ್ಯಾಬ್ ಎಂದರೆ ಮೂರು ಗಂಟೆ ಅಲ್ಲೇ ನಿಂತಿರಬೇಕು; ಅದರ ವರದಿಯನ್ನು ಫಾಲ್‌ನಲ್ಲಾದರೆ ಮುಂದಿನ ವಾರ ಒಪ್ಪಿಸಬಹುದಿತ್ತು, ಬೇಸಿಗೆಯಲ್ಲಿ ನಾಡಿದ್ದೇ ಒಪ್ಪಿಸಬೇಕು, ಏಕೆಂದರೆ ನಾಡಿದ್ದು ಮುಂದಿನ ಲ್ಯಾಬ್ ಇರುತ್ತದೆ. ಒಂದು ದಿನ ಜ್ವರ ಬಂದು ಮಲಗಿದರೆ ಸೆಮಿಸ್ಟರಿನಲ್ಲಿ ಎರಡು ಮೂರು ದಿನ ತಪ್ಪಿಸಿಕೊಂಡ ಹಾಗೆ. ನನ್ನ ಜೊತೆಗಿದ್ದವರಲ್ಲಿ ಕೋರ್ಸನ್ನು ನಡುವೆ ಬಿಟ್ಟವರು ಬುದ್ಧಿಯಲ್ಲಿ ಕಡಿಮೆಯಿದ್ದವರಲ್ಲ, ಜೊತೆಗೆ ಇನ್ನೊಂದು ಗಟ್ಟಿ ವಿಷಯವನ್ನು ಕಟ್ಟಿಕೊಂಡವರು.

ದಾವಣಗೆರೆ ಹುಡುಗಿ

ಎಲ್ಲರಿಗೂ ಧನ್ಯವಾದಗಳು. 88 ಗಂಟೆ ಎಂಬ ಸಂಖ್ಯೆಯನ್ನು ನೋಡಿ ನಿಜಕ್ಕೂ ಗಾಬರಿಯಾಯಿತು. ಆದರೆ ನನ್ನ ಚಿಂತೆ ಹಣದ್ದು. ಈ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್ ಇರುವಲ್ಲಿ ನನ್ನಂಥವರಿಗೆ ಅದು 300 ಡಾಲರನ್ನು ದಾಟುತ್ತದೆ, ಮನೆ ಬಾಡಿಗೆ ಬೇರೆ. ಪ್ರತಿ ತಿಂಗಳೂ ನನಗೆ ಹಣ ಕಳುಹಿಸುವುದು ಅಪ್ಪನಿಗೆ ಕಷ್ಟವಾಗುತ್ತಿದೆ. ಬೇಸಿಗೆಯಲ್ಲಿ ಹೆಚ್ಚು ಮುಗಿಸಿದಷ್ಟೂ ಬೇಗ ಹೊರಬೀಳಬಹುದಲ್ಲವೇ?

ಸ್ಯಾನ್ ಹೋಸೆ ಅಕ್ಕ

ಪುಟ್ಟಿ, ನಾನೂ ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ ವರ್ಗವಾಗಿ ಓದಿದವಳು, ಎಫ್-1 ವೀಸಾದಲ್ಲೇ ಇದ್ದೆ. ನಿನ್ನ ಪ್ರಶ್ನೆಗೆ ಕೊನೆಯ ಸಾಲಿನಿಂದಲೇ ಉತ್ತರ ಕೊಡುತ್ತೇನೆ. ಬೇಸಿಗೆಯಲ್ಲಿ ಹೆಚ್ಚು ಮುಗಿಸಿದರೂ ನಿನ್ನ ವಿಷಯದಲ್ಲಿ ಬೇಗ ಹೊರಬೀಳಲು ಆಗುವುದಿಲ್ಲ. ಅದಕ್ಕೆ ಕಾರಣಗಳಿವೆ, ಅವುಗಳನ್ನು ಯಾರೂ ಒಂದೇ ಜಾಗದಲ್ಲಿ ಬರೆದಿಡುವುದಿಲ್ಲ.

ಯುಸಿ ಕ್ಯಾಂಪಸ್‌ಗಳಲ್ಲಿ ಬಹುತೇಕ ಎಲ್ಲವೂ ವರ್ಗಾವಣೆಯ ವಿದ್ಯಾರ್ಥಿಗಳನ್ನು ಫಾಲ್‌ಗೆ ಮಾತ್ರ ಸೇರಿಸಿಕೊಳ್ಳುತ್ತವೆ. ನೀನು ಈ ಬೇಸಿಗೆಯಲ್ಲಿ ಹನ್ನೊಂದು ಯೂನಿಟ್ ಮುಗಿಸಿದರೂ, ನಾಲ್ಕೇ ಯೂನಿಟ್ ಮುಗಿಸಿದರೂ, ಮುಂದಿನ ಫಾಲ್ ಬರುವವರೆಗೆ ನೀನಿರುವ ಕಾಲೇಜಿನಲ್ಲೇ ಇರಬೇಕು. ಹಾಗಿದ್ದಮೇಲೆ ನಡುವಿನ ಎರಡು ಸೆಮಿಸ್ಟರುಗಳಲ್ಲಿ ಹಗುರವಾಗಿ ಓದಿ ಶುಲ್ಕ ಉಳಿಸಬಹುದೇ ಎಂದರೆ, ಅದಕ್ಕೆ ವೀಸಾ ಅಡ್ಡ ಬರುತ್ತದೆ. ಎಫ್-1 ವೀಸಾದವರು ಫಾಲ್ ಮತ್ತು ಸ್ಪ್ರಿಂಗ್‌ನಲ್ಲಿ ಕನಿಷ್ಠ 12 ಯೂನಿಟ್ ಓದಲೇಬೇಕು. ಆದ್ದರಿಂದ ಬೇಸಿಗೆಯಲ್ಲಿ ನೀನು ಇಂಗ್ಲಿಷನ್ನು ಮುಗಿಸಿಬಿಟ್ಟರೆ ಫಾಲ್‌ನಲ್ಲಿ ಆ ಮೂರು ಯೂನಿಟ್ಟಿನ ಜಾಗವನ್ನು ತುಂಬಲು ನಿನಗೆ ಬೇಡದ ಯಾವುದೋ ಕೋರ್ಸಿಗೆ ಮತ್ತೆ ಅದೇ 300 ಚಿಲ್ಲರೆ ಡಾಲರಿನ ಲೆಕ್ಕದಲ್ಲಿ ಹಣ ಕಟ್ಟಬೇಕಾಗುತ್ತದೆ. ಯೂನಿಟ್ಟಿನ ದರ ಬೇಸಿಗೆಯಲ್ಲೂ ಅಷ್ಟೇ, ಫಾಲ್‌ನಲ್ಲೂ ಅಷ್ಟೇ. ಹಣ ಉಳಿಸಲು ಹೊರಟು ಹೆಚ್ಚು ಹಣ ಕಟ್ಟುವ ದಾರಿ ಇದು. ಇಷ್ಟಾಗಿ, ಕಮ್ಯುನಿಟಿ ಕಾಲೇಜಿನಿಂದ ಎಷ್ಟು ಯೂನಿಟ್ ತಂದರೂ ಯುಸಿ ಎಣಿಸಿಕೊಳ್ಳುವುದು 70 ಸೆಮಿಸ್ಟರ್ ಯೂನಿಟ್‌ಗಳನ್ನು ಮಾತ್ರ. ಅದಕ್ಕಿಂತ ಹೆಚ್ಚಾದವುಗಳಿಗೆ ಆ ವಿಷಯ ಓದಿದ್ದೀಯೆ ಎಂಬ ಮಾನ್ಯತೆ ಸಿಗುತ್ತದೆಯೇ ಹೊರತು ಯೂನಿಟ್ ಸಿಗುವುದಿಲ್ಲ.

ಹಾಗಾದರೆ ಬೇಸಿಗೆ ವ್ಯರ್ಥವೇ ಎಂದರೆ ಅಲ್ಲ. ಇನ್ನೊಂದು ದಿನಾಂಕ ಗಮನಿಸು. ಫಾಲ್‌ಗೆ ಸೇರಲು ಬೇಕಾದ 60 ಯೂನಿಟ್‌ಗಳು ಅದರ ಹಿಂದಿನ ಸ್ಪ್ರಿಂಗ್ ಮುಗಿಯುವ ಹೊತ್ತಿಗೆ ಪೂರ್ಣವಾಗಿರಬೇಕು. ಸೇರುವುದಕ್ಕೆ ಮೊದಲಿನ ಆ ಕೊನೆಯ ಬೇಸಿಗೆಯಲ್ಲಿ ಮುಗಿಸುತ್ತೇನೆಂದರೆ ಅದನ್ನು ಒಪ್ಪುವುದಿಲ್ಲ. ಅಂದರೆ ನಿನ್ನ ಕೈಯಲ್ಲಿರುವ ಉಪಯುಕ್ತ ಬೇಸಿಗೆ ಇದೊಂದೇ. ನಿನ್ನಲ್ಲಿ 28 ಇದೆ, ಮುಂದಿನ ಎರಡು ಸೆಮಿಸ್ಟರಿಗೆ 14ರಂತೆ ಹಾಕಿದರೆ 56 ಆಗುತ್ತದೆ, ಕಡಿಮೆ ಬೀಳುವುದು ನಾಲ್ಕು. ಆ ನಾಲ್ಕನ್ನು ಯಾವ ಕೋರ್ಸಿನಿಂದ ತುಂಬಬೇಕು ಎಂಬುದಷ್ಟೇ ನಿಜವಾದ ಪ್ರಶ್ನೆ.

ಅದಕ್ಕೆ ನಿನ್ನ ಮೂರು ಕೋರ್ಸ್‌ಗಳಲ್ಲಿ ಯಾವುದರ ಹಿಂದೆ ಬೇರೆ ಕೋರ್ಸ್‌ಗಳು ಕಾಯುತ್ತಾ ನಿಂತಿವೆ ಎಂದು ನೋಡು. ಕ್ಯಾಲ್ಕುಲಸ್ 2 ಈ ಬೇಸಿಗೆಯಲ್ಲಿ ಮುಗಿದರೆ ಫಾಲ್‌ಗೆ ಕ್ಯಾಲ್ಕುಲಸ್ 3, ಸ್ಪ್ರಿಂಗ್‌ಗೆ ಡಿಫರೆನ್ಷಿಯಲ್ ಇಕ್ವೇಷನ್ಸ್ ಮತ್ತು ಲೀನಿಯರ್ ಆಲ್ಜಿಬ್ರಾ ಸಾಧ್ಯವಾಗುತ್ತವೆ. ಅದನ್ನು ಫಾಲ್‌ಗೆ ಬಿಟ್ಟರೆ ಈ ಕೊನೆಯವು ಕೈತಪ್ಪುತ್ತವೆ, ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಂಥ ಪೈಪೋಟಿಯ ವಿಭಾಗದಲ್ಲಿ ಅರ್ಜಿ ನೋಡುವವರು ಮೊದಲು ಗಮನಿಸುವುದೇ ಇವುಗಳನ್ನು. ಭೌತಶಾಸ್ತ್ರದಲ್ಲಿ ಮೆಕ್ಯಾನಿಕ್ಸ್ ಫಾಲ್‌ಗೆ, ವಿದ್ಯುತ್ತು ಮತ್ತು ಕಾಂತತ್ವ ಸ್ಪ್ರಿಂಗ್‌ಗೆ ಆರಾಮವಾಗಿ ಹೊಂದುತ್ತವೆ. ಮೂರನೆಯ ಭೌತಶಾಸ್ತ್ರ ಬೇಕೇ ಎಂಬುದು ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಬದಲಾಗುತ್ತದೆ. ಅಸಿಸ್ಟ್ ಜಾಲತಾಣದಲ್ಲಿ ನಿನ್ನ ಕಾಲೇಜನ್ನೂ ನೀನು ಬಯಸುವ ಕ್ಯಾಂಪಸ್ಸನ್ನೂ ಆರಿಸಿದರೆ ಕೋರ್ಸಿಗೆ ಕೋರ್ಸು ಹೊಂದಿಸಿ ತೋರಿಸುತ್ತಾರೆ, ಅದನ್ನು ಇವತ್ತೇ ನೋಡು. ಇಂಗ್ಲಿಷ್‌ನಲ್ಲಿ ಯುಸಿ ಎರಡು ಕೋರ್ಸ್ ಕೇಳುತ್ತದೆ. ಫಾಲ್‌ಗೊಂದು, ಸ್ಪ್ರಿಂಗ್‌ಗೊಂದು ಆದರೆ ಸರಿಹೋಗುತ್ತದೆ, ಆ 12 ಯೂನಿಟ್ಟಿನ ಷರತ್ತನ್ನು ತುಂಬಲೂ ಬೇಕಾಗುತ್ತದೆ. ಹೀಗೆ ನೋಡಿದರೆ ಈ ಬೇಸಿಗೆಗೆ ಬೇಕಾದದ್ದು ಕ್ಯಾಲ್ಕುಲಸ್ 2 ಒಂದೇ.

ಬಸವನಗುಡಿ ಉಪನ್ಯಾಸಕ

ಬೆಂಗಳೂರಿನ ಒಂದು ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಈ ಚರ್ಚೆ ಹೊಸದೆನಿಸಲಿಲ್ಲ. ನಮ್ಮಲ್ಲೂ ಎರಡು ಮುಖ್ಯ ಸೆಮಿಸ್ಟರುಗಳ ನಂತರ ಸುಮಾರು ಎಂಟು ವಾರಗಳ ಪೂರಕ ಸೆಮಿಸ್ಟರ್ ಇರುತ್ತದೆ, ಕೆಲವು ಕಾಲೇಜುಗಳಲ್ಲಿ ಅದನ್ನು ಫಾಸ್ಟ್ ಟ್ರ್ಯಾಕ್ ಎನ್ನುತ್ತಾರೆ. ಆದರೆ ಅದು ಮುಖ್ಯವಾಗಿ ನಪಾಸಾದ ಅಥವಾ ಹಾಜರಾತಿ ಸಾಲದ ವಿಷಯಗಳನ್ನು ಮುಗಿಸಿಕೊಳ್ಳಲು ಇರುವ ವ್ಯವಸ್ಥೆ, ಮುಂದಿನ ವರ್ಷದ ವಿಷಯಗಳನ್ನು ಮುಂಚಿತವಾಗಿ ಓದಲು ಅಲ್ಲ. ಒಮ್ಮೆ ಕೇಳಿದ ಪಾಠವನ್ನೇ ಮತ್ತೆ ಕೇಳುತ್ತಿರುವ ವಿದ್ಯಾರ್ಥಿಗಳೇ ಅಲ್ಲಿ ಮೂರು ನಾಲ್ಕು ವಿಷಯ ಹಾಕಿಕೊಂಡು ಬಳಲುವುದನ್ನು ನೋಡಿದ್ದೇನೆ. ಮೊದಲ ಸಲ ಕಲಿಯುವವರಿಗೆ ಅದು ಇನ್ನೂ ಕಠಿಣ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಹುಡುಗಿಗೆ ಒಂದು ಅನುಕೂಲವಿದೆ ಎಂಬುದನ್ನೂ ಹೇಳಬೇಕು. ನಮ್ಮ ದ್ವಿತೀಯ ಪಿಯುಸಿ ಗಣಿತದಲ್ಲಿ ಅನುಕಲನದ ಬಹುಪಾಲು ವಿಧಾನಗಳು ಬಂದುಹೋಗಿರುತ್ತವೆ: ಆದೇಶ ವಿಧಾನ, ಆಂಶಿಕ ಭಿನ್ನರಾಶಿಗಳು, ಖಂಡಶಃ ಅನುಕಲನ, ವಿಸ್ತೀರ್ಣ ಕಂಡುಹಿಡಿಯುವುದು.

ಗಣಿತದ ಮೇಷ್ಟ್ರು

ಅನುಕೂಲವೇನೋ ಹೌದು ಸರ್, ಆದರೆ ಭಾರತದಿಂದ ಬಂದ ಮಕ್ಕಳು ಕ್ಯಾಲ್ಕುಲಸ್ 2ರಲ್ಲಿ ಎಡವುವುದೂ ಅದರಿಂದಲೇ. ಮೊದಲ ಮೂರು ವಾರ ಪಿಯುಸಿಯಲ್ಲಿ ಕಲಿತದ್ದೇ ಬರುವುದರಿಂದ ಅವರು ನಿಶ್ಚಿಂತೆಯಿಂದ ಇರುತ್ತಾರೆ, ಮನೆಕೆಲಸವನ್ನು ಬಾಯಿಲೆಕ್ಕದಲ್ಲಿ ಮುಗಿಸುತ್ತಾರೆ. ಆಮೇಲೆ ಅನಂತ ಶ್ರೇಣಿಗಳು ಶುರುವಾಗುತ್ತವೆ. ಒಂದು ಶ್ರೇಣಿ ಅಭಿಸರಿಸುತ್ತದೆಯೋ (ಅದರ ಮೊತ್ತ ಒಂದು ನಿಶ್ಚಿತ ಸಂಖ್ಯೆಯತ್ತ ಸಾಗುತ್ತದೆಯೋ) ಇಲ್ಲವೋ ಎಂದು ಪರೀಕ್ಷಿಸುವ ಹಲವು ವಿಧಾನಗಳು, ಘಾತ ಶ್ರೇಣಿಗಳು, ಟೇಲರ್ ಶ್ರೇಣಿ, ಇವು ಪಿಯುಸಿ ಪಠ್ಯದಲ್ಲಿ ಇರುವುದಿಲ್ಲ. ಇಲ್ಲಿ ಸೂತ್ರ ಹಾಕಿ ಉತ್ತರ ತೆಗೆಯುವುದಕ್ಕಿಂತ, ಈ ಶ್ರೇಣಿಗೆ ಯಾವ ಪರೀಕ್ಷೆ ಹೊಂದುತ್ತದೆ ಮತ್ತು ಏಕೆ ಎಂದು ಯೋಚಿಸಿ ಬರೆಯಬೇಕು. ಹದಿನಾರು ವಾರದ ಸೆಮಿಸ್ಟರಿನಲ್ಲಿ ಇದನ್ನು ಅರಗಿಸಿಕೊಳ್ಳಲು ತಿಂಗಳಿಗೂ ಹೆಚ್ಚು ಕಾಲ ಸಿಗುತ್ತದೆ. ಆರು ವಾರದ ಅವಧಿಯಲ್ಲಿ ಸಿಗುವುದು ಕೊನೆಯ ಎರಡು ವಾರ, ಅದೂ ಅಂತಿಮ ಪರೀಕ್ಷೆಯ ಜೊತೆಗೆ. ತಂಗಿ, ಅವಧಿ ಶುರುವಾಗುವ ಮೊದಲು ಬಿಡುವಿದ್ದರೆ ಅನುಕಲನವನ್ನು ಪುನರಾವರ್ತನೆ ಮಾಡುವುದಕ್ಕಿಂತ ಶ್ರೇಣಿಗಳ ಅಧ್ಯಾಯವನ್ನೇ ಮುಂಚಿತವಾಗಿ ಓದಿಕೊಳ್ಳಿ.

ಕೋರ್ಸ್ ಬಿಡುವ ದಿನಾಂಕಗಳನ್ನೂ ಬರೆದಿಟ್ಟುಕೊಳ್ಳಿ. ಅಲ್ಪಾವಧಿಯ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಅವಧಿಯ ಶೇ. 10 ಮುಗಿಯುವಷ್ಟರಲ್ಲಿ ಬಿಟ್ಟರೆ ಮಾತ್ರ ಶುಲ್ಕ ವಾಪಸಾಗುತ್ತದೆ. ಆರು ವಾರಕ್ಕೆ ಅದು ಮೊದಲ ವಾರದ ನಾಲ್ಕನೇ ದಿನದ ಹೊತ್ತಿಗೆ ಮುಗಿದುಹೋಗುತ್ತದೆ. ಶೇ. 20ರ ನಂತರ ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯು (ಕೋರ್ಸನ್ನು ನಡುವೆ ಬಿಟ್ಟದ್ದರ ಗುರುತು) ಬೀಳುತ್ತದೆ. ಸೆಮಿಸ್ಟರಿನಲ್ಲಾದರೆ ಒಂದು ಕಿರುಪರೀಕ್ಷೆಯ ಫಲಿತಾಂಶ ನೋಡಿ ನಿರ್ಧರಿಸಲು ಕಾಲವಿರುತ್ತದೆ, ಬೇಸಿಗೆಯಲ್ಲಿ ಅಂಥ ಯಾವ ಸುಳಿವೂ ಸಿಗುವ ಮೊದಲೇ ಹಣದ ಗಡುವು ಮುಗಿದಿರುತ್ತದೆ. ಮೂರು ಕೋರ್ಸಿಗೆ ಸೇರಿ ಆಗದಿದ್ದರೆ ಒಂದನ್ನು ಬಿಟ್ಟರಾಯಿತು ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಲ್ಯಾಬ್ ಕೋಟು

ಇದಕ್ಕೆ ಒಂದು ಮಾತು ಸೇರಿಸಬೇಕು. ಊರಿನಲ್ಲಿ ಈಗ 2024ರಿಂದ ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದ್ದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಆ ಅಭ್ಯಾಸದಲ್ಲಿ ಇಲ್ಲಿಗೆ ಬಂದವರಿಗೆ ಒಂದು ವಿಷಯ ತಡವಾಗಿ ತಿಳಿಯುತ್ತದೆ. ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಡಿ ಅಥವಾ ಎಫ್ ಬಂದರೆ ಕೋರ್ಸನ್ನು ಮತ್ತೆ ಓದಬಹುದು, ಆದರೆ ಸಿ ಬಂದರೆ ಅದನ್ನು ಬಿ ಮಾಡಿಕೊಳ್ಳಲೆಂದು ಮತ್ತೆ ಓದಲು ಬಿಡುವುದಿಲ್ಲ. ಕ್ಯಾಲ್ಕುಲಸ್‌ನಲ್ಲಿ ಅವಸರಕ್ಕೆ ಬಂದ ಸಿ ನವೆಂಬರಿನ ಅರ್ಜಿಯಲ್ಲಿ ಹಾಗೆಯೇ ಕೂತಿರುತ್ತದೆ. ಎಂಜಿನಿಯರಿಂಗ್‌ಗೆ ಅರ್ಜಿ ಹಾಕುವವರಿಗೆ ಅದು ಸಣ್ಣ ವಿಷಯವಲ್ಲ.

ಮೂರೂ ಮುಗಿಸಿದವನು

ಅಕ್ಕ ಹೇಳಿದ 12 ಯೂನಿಟ್ಟಿನ ವಿಷಯ ನನಗೆ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ನಾನು ಇಲ್ಲಿನ ಪ್ರಜೆ. ಫಾಲ್‌ನಲ್ಲಿ ಎರಡೇ ಕೋರ್ಸ್ ತೆಗೆದುಕೊಂಡು ಕೆಲಸಕ್ಕೆ ಹೋದೆ. ನಾನು ಬೇಸಿಗೆಯಲ್ಲಿ ಹೆಚ್ಚು ಓದಿದ್ದರ ಲಾಭ ಅಲ್ಲಿ ಸಿಕ್ಕಿತು. ವೀಸಾದವರ ಲೆಕ್ಕವೇ ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೂ ಒಂದೇ ಕೋರ್ಸ್ ಎನ್ನುವುದು ತೀರಾ ಕಡಿಮೆಯಾಯಿತು. ಎರಡನೇ ಬೇಸಿಗೆ ಅವಧಿಯಿದ್ದರೆ ಭೌತಶಾಸ್ತ್ರವನ್ನು ಅದರಲ್ಲಿ ತೆಗೆದುಕೊಳ್ಳಬಹುದು. ಒಂದಾದ ಮೇಲೆ ಒಂದು ಓದಿದರೆ ವಾರಕ್ಕೆ 32 ಗಂಟೆಯನ್ನು ಮೀರುವುದಿಲ್ಲ.

ಸ್ಯಾನ್ ಹೋಸೆ ಅಕ್ಕ

ಅದು ಒಳ್ಳೆಯ ಸಲಹೆ. ಅಸಿಸ್ಟ್‌ನಲ್ಲಿ ಮೂರನೇ ಭೌತಶಾಸ್ತ್ರ ಕಡ್ಡಾಯ ಎಂದಿದ್ದರೆ ಖಂಡಿತ ಹಾಗೆ ಮಾಡಬೇಕು, ಏಕೆಂದರೆ ಆಗ ಭೌತಶಾಸ್ತ್ರದಲ್ಲೂ ಮುಂದಿನದಕ್ಕೆ ಹಿಂದಿನದು ಬೇಕೆನ್ನುವ ಮೂರು ಕೊಂಡಿಗಳಾಗುತ್ತವೆ. ಕಡ್ಡಾಯವಿಲ್ಲದಿದ್ದರೆ ಬೇಡ.

ದಾವಣಗೆರೆ ಹುಡುಗಿ

ಅಸಿಸ್ಟ್ ನೋಡಿದೆ. ನಾನು ಅಂದುಕೊಂಡಿರುವ ಮೂರು ಕ್ಯಾಂಪಸ್‌ಗಳ ಪೈಕಿ ಒಂದರಲ್ಲಿ ಮಾತ್ರ ಮೂರನೇ ಭೌತಶಾಸ್ತ್ರವನ್ನು ಕೇಳಿದ್ದಾರೆ, ಅದು ನನ್ನ ಪಟ್ಟಿಯಲ್ಲಿ ಕೊನೆಯದು. ಹಾಗಾಗಿ ಕ್ಯಾಲ್ಕುಲಸ್ 2 ಒಂದನ್ನೇ ತೆಗೆದುಕೊಳ್ಳಲು ನಿರ್ಧರಿಸಿದ್ದೇನೆ. ಗ್ರಂಥಾಲಯದ ಕೆಲಸವನ್ನು ಹಾಗೆಯೇ ಮುಂದುವರಿಸುತ್ತೇನೆ. ಅವಧಿ ಮುಗಿದ ಮೇಲೆ ಫಾಲ್ ಶುರುವಾಗುವ ತನಕ ಊರಿಗೆ ಹೋಗಿಬರಬಹುದೇ? ಅಮ್ಮ ಬಹಳ ದಿನದಿಂದ ಕರೆಯುತ್ತಿದ್ದಾರೆ. ಊರಿನಲ್ಲಿದ್ದುಕೊಂಡೇ ಇಂಗ್ಲಿಷನ್ನು ಆನ್‌ಲೈನಿನಲ್ಲಿ ಓದಬಹುದು ಎಂದು ಒಬ್ಬ ಗೆಳತಿ ಹೇಳಿದಳು.

ಸ್ಯಾನ್ ಹೋಸೆ ಅಕ್ಕ

ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿಸಿ, ಮುಂದಿನ ಅವಧಿಗೆ ಮರಳಿ ಬರುವವರಿಗೆ ಬೇಸಿಗೆ ವಾರ್ಷಿಕ ರಜೆ. ಆದ್ದರಿಂದ ಈಗ ಒಂದೇ ಕೋರ್ಸ್ ಓದಿದರೂ, ಏನೂ ಓದದಿದ್ದರೂ ವೀಸಾಗೆ ತೊಂದರೆಯಿಲ್ಲ. ಹೊರಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಐ-20ರಲ್ಲಿ (ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಪತ್ರ) ಪ್ರಯಾಣದ ಸಹಿ ಇದೆಯೇ, ಅದಕ್ಕೆ ಒಂದು ವರ್ಷ ತುಂಬಿಲ್ಲವೇ ಎಂದು ನೋಡಿಕೋ. ಪಾಸ್‌ಪೋರ್ಟಿನಲ್ಲಿರುವ ವೀಸಾದ ಮುದ್ರೆಯ ದಿನಾಂಕವನ್ನೂ ಪರಿಶೀಲಿಸು.

ಇಂಗ್ಲಿಷ್ ಆನ್‌ಲೈನ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿನಗೆ ಸೇರಿದ್ದು. ಫಾಲ್‌ನಲ್ಲಿ ಆ ಮೂರು ಯೂನಿಟ್ ನಿನಗೆ ಹೇಗೂ ಬೇಕು ಎಂದು ಮೇಲೆ ಬರೆದಿದ್ದೇನೆ. ಅದಲ್ಲದೆ ಕಾಂಪೊಸಿಷನ್ ಎಂಬುದು ಕರಡು ಬರೆದು, ಮೇಷ್ಟ್ರಿಂದ ತಿದ್ದಿಸಿಕೊಂಡು, ಮತ್ತೆ ಬರೆಯುವ ಕೋರ್ಸು. ಅದನ್ನು ಅವಸರದಲ್ಲಿ ಮುಗಿಸಿದರೆ ಅಂಕ ಬಂದರೂ ಬರವಣಿಗೆ ಬರುವುದಿಲ್ಲ, ಎಂಜಿನಿಯರಿಂಗ್‌ನವರಿಗೆ ಮುಂದೆ ಅದರ ಅಗತ್ಯ ಅವರು ಎಣಿಸಿದ್ದಕ್ಕಿಂತ ಹೆಚ್ಚು. ಸಮಯದ ವ್ಯತ್ಯಾಸವೂ ಇದೆ: ಬೇಸಿಗೆಯಲ್ಲಿ ದಾವಣಗೆರೆ ಇಲ್ಲಿಗಿಂತ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ರಾತ್ರಿ 11:59ರ ಗಡುವು ನಿನಗೆ ಮರುದಿನ ಮಧ್ಯಾಹ್ನ 12:29 ಆಗುತ್ತದೆ, ಅದು ಒಳ್ಳೆಯದೇ. ಆದರೆ ಮೇಲ್ವಿಚಾರಣೆಯ ಪರೀಕ್ಷೆಯೋ ವಿಡಿಯೋ ಸಭೆಯೋ ಹಗಲು ಹತ್ತಕ್ಕೆ ಇಟ್ಟರೆ ನೀನು ರಾತ್ರಿ ಹತ್ತೂವರೆಗೆ ಎದ್ದು ಕೂರಬೇಕು. ಹೊರದೇಶದಲ್ಲಿದ್ದುಕೊಂಡು ಓದಲು ನಿನ್ನ ಕಾಲೇಜು ಒಪ್ಪುತ್ತದೆಯೇ ಎಂದೂ ಕೇಳಬೇಕಾಗುತ್ತದೆ. ನಾನಾಗಿದ್ದರೆ ಆ ದಿನಗಳಲ್ಲಿ ಅಮ್ಮನ ಕೈಯಡುಗೆ ಉಂಡು ಸುಮ್ಮನಿರುತ್ತಿದ್ದೆ.

ದಾವಣಗೆರೆ ಹುಡುಗಿ

ಹಾಗೆಯೇ ಮಾಡುತ್ತೇನೆ ಅಕ್ಕಾ. ಈಗ ಒಂದೇ ಸಮಸ್ಯೆ. ಕ್ಯಾಲ್ಕುಲಸ್ 2ರ ಬೆಳಗಿನ ತರಗತಿ ಭರ್ತಿಯಾಗಿದ್ದು, ನಾನು ಕಾಯುವ ಪಟ್ಟಿಯಲ್ಲಿ ನಾಲ್ಕನೆಯವಳಾಗಿದ್ದೇನೆ. ಸಂಜೆಯ ತರಗತಿಯಲ್ಲಿ ಜಾಗವಿದೆ, ಆದರೆ ಅದು ನನ್ನ ಗ್ರಂಥಾಲಯದ ಸಮಯಕ್ಕೆ ಅಡ್ಡ ಬರುತ್ತದೆ.

ಗಣಿತದ ಮೇಷ್ಟ್ರು

ನಾಲ್ಕನೆಯ ಸ್ಥಾನ ಬೇಸಿಗೆಯಲ್ಲಿ ಕೆಟ್ಟದ್ದೇನಲ್ಲ. ಶುಲ್ಕ ಕಟ್ಟದವರನ್ನು ಅವಧಿಗೆ ಮೊದಲು ತೆಗೆದುಹಾಕುವ ಕಾಲೇಜುಗಳಿವೆ, ಮೊದಲ ದಿನ ಬಾರದವರನ್ನು ಕೈಬಿಡುವ ಅಧ್ಯಾಪಕರೂ ಬಹಳ ಮಂದಿ ಇದ್ದಾರೆ. ಆದರೂ ಇವತ್ತು ಸಂಜೆಯ ತರಗತಿಗೆ ಸೇರಿಕೊಂಡು ಆ ಜಾಗವನ್ನು ಭದ್ರಪಡಿಸಿಕೊಳ್ಳಿ. ಒಂದೇ ಕೋರ್ಸಿನ ಒಂದು ತರಗತಿಯಲ್ಲಿದ್ದು ಇನ್ನೊಂದರ ಕಾಯುವ ಪಟ್ಟಿಯಲ್ಲಿರಲು ನಿಮ್ಮ ಕಾಲೇಜಿನ ವ್ಯವಸ್ಥೆ ಬಿಡುತ್ತದೆಯೇ ಎಂದು ಮೊದಲು ನೋಂದಣಿ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ಕೆಲವು ಕಡೆ ಹಾಗೆ ಮಾಡಿದರೆ ಕಾಯುವ ಪಟ್ಟಿಯಿಂದ ಹೆಸರು ತಾನಾಗಿಯೇ ಹೋಗುತ್ತದೆ. ಬಿಡುವುದಿಲ್ಲ ಎಂದರೆ ಸಂಜೆಯದನ್ನೇ ಇಟ್ಟುಕೊಳ್ಳಿ, ಗ್ರಂಥಾಲಯದವರನ್ನು ಸಮಯ ಬದಲಿಸಿಕೊಡಲು ಕೇಳಿ. ಬೆಳಗಿನದು ಸಿಕ್ಕರೆ ಮೊದಲ ದಿನ ಹತ್ತು ನಿಮಿಷ ಮುಂಚೆಯೇ ಹೋಗಿ ಕುಳಿತಿರಿ.